ಒಂದೇ ಸರ್ವರ್‌ನಲ್ಲಿ ಹಲವು ವೆಬ್‌ಸೈಟ್: ಯಾವ ದಾರಿ ಯಾರಿಗೆ ಸರಿ

ಓಡುತ್ತಿರುವ ಸರ್ವರ್‌ಗೆ ಎರಡನೇ ಸೈಟ್ ಸೇರಿಸುವುದು ಹದಿನೈದು ನಿಮಿಷದ ಕೆಲಸ. ಕಷ್ಟ ಇರುವುದು ಅಲ್ಲಲ್ಲ. ಆರು ತಿಂಗಳ ಮೇಲೆ ಎರಡರಲ್ಲಿ ಒಂದು ಹ್ಯಾಕ್ ಆದಾಗ, ಅಥವಾ ಒಂದಕ್ಕೆ ಏಕಾಏಕಿ ಜನ ಮುಗಿಬಿದ್ದಾಗ, ಇನ್ನೊಂದರ ಗತಿ ಏನಾಗಬೇಕು ಎಂಬುದನ್ನು ಇವತ್ತೇ ತೀರ್ಮಾನಿಸಿರಬೇಕು. ಹಾಗಾಗಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳಿ. ಬಂದ ವಿನಂತಿ ಯಾವ ಸೈಟಿನದು ಎಂದು ಸರ್ವರ್ ಗುರುತಿಸುವುದು ಹೇಗೆ? ಸೈಟುಗಳ ನಡುವಿನ ಗೋಡೆ ಎಷ್ಟು ದಪ್ಪ ಇರಬೇಕು? ಮೊದಲನೆಯದಕ್ಕೆ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ ಉತ್ತರ. ನಿಜವಾದ ಆಯ್ಕೆ ಎರಡನೆಯದರಲ್ಲಿದೆ.

## ಸೈಟನ್ನು ಗುರುತಿಸುವ ಬಗೆ

ಬ್ರೌಸರ್ ಪ್ರತಿ ವಿನಂತಿಯ ಜೊತೆಗೂ ಹೋಸ್ಟ್ ಎಂಬ ಹೆಡರ್ ಕಳಿಸುತ್ತದೆ. ಬಳಕೆದಾರ ಟೈಪ್ ಮಾಡಿದ ಡೊಮೈನ್ ಹೆಸರು ಅದರಲ್ಲಿರುತ್ತದೆ. ಸರ್ವರ್ ಆ ಹೆಸರು ನೋಡಿ, ಅದಕ್ಕೆ ಸೇರಿದ ಫೋಲ್ಡರ್‌ನಿಂದ ಪುಟ ತೆಗೆದುಕೊಡುತ್ತದೆ. ಹೆಸರಿನ ಆಧಾರದ ಹೋಸ್ಟಿಂಗ್ ಅಂದರೆ ಇಷ್ಟೇ. 1997ರಲ್ಲಿ ಎಚ್‌ಟಿಟಿಪಿ 1.1 ಈ ಹೆಡರನ್ನು ಕಡ್ಡಾಯ ಮಾಡಿತು. ಎಚ್‌ಟಿಟಿಪಿಎಸ್‌ಗೆ ಇನ್ನೊಂದು ತೊಡಕಿತ್ತು: ಹೋಸ್ಟ್ ಹೆಡರ್ ಓದುವ ಮೊದಲೇ ಸರ್ವರ್ ಸೈಟಿನ ಗುರುತಿನ ಚೀಟಿಯಾದ ಸರ್ಟಿಫಿಕೇಟ್ ತೋರಿಸಬೇಕು, ಯಾರ ಸರ್ಟಿಫಿಕೇಟ್ ಎಂದು ಮಾತ್ರ ಆಗ ಅದಕ್ಕೆ ಗೊತ್ತಿರುವುದಿಲ್ಲ. 2003ರಲ್ಲಿ ನಿಗದಿಯಾದ ಎಸ್‌ಎನ್‌ಐ ಎಂಬ ವಿಸ್ತರಣೆ ಇದನ್ನು ಬಗೆಹರಿಸಿತು. ಸುರಕ್ಷಿತ ಸಂಪರ್ಕದ ಮೊದಲ ಸಂದೇಶದಲ್ಲೇ ಬ್ರೌಸರ್ ಸೈಟಿನ ಹೆಸರು ಹೇಳಿಬಿಡುತ್ತದೆ. ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಇದು ಬರುತ್ತಿರಲಿಲ್ಲ, ಅದಕ್ಕೇ ಬಹಳ ಕಾಲ ಜನ ಹಿಂಜರಿದರು. ಈಗ ಆ ಅಳುಕಿಗೆ ಕಾರಣವಿಲ್ಲ. ಬೇರೆ ಬಲವಾದ ಕಾರಣ ಇಲ್ಲದಿದ್ದರೆ ಹೆಸರಿನ ಆಧಾರವನ್ನೇ ಹಿಡಿಯಿರಿ.

ಸೈಟಿಗೊಂದು ಐಪಿ ಕೊಡುವುದು ಹಳೆಯ ಕ್ರಮ. ಎಸ್‌ಎನ್‌ಐ ಕಳಿಸದ ಹಳೆಯ ಉಪಕರಣಗಳು ಸಂಪರ್ಕಿಸುವ ಸೈಟಾದರೆ, ಅಥವಾ ಎದುರಿನವರ ಫೈರ್‌ವಾಲ್ ಐಪಿ ನೋಡಿಯೇ ಒಳಗೆ ಬಿಡುವುದಾದರೆ, ಇದು ಇನ್ನೂ ಬೇಕು. ಐಪಿವಿ4 (ಹಳೆಯ ಮಾದರಿಯ ಐಪಿ) ವಿಳಾಸಗಳ ಕೇಂದ್ರ ಸಂಗ್ರಹ 2011ರ ಫೆಬ್ರವರಿಯಲ್ಲೇ ಖಾಲಿಯಾಗಿರುವುದರಿಂದ ಹೆಚ್ಚುವರಿ ವಿಳಾಸಕ್ಕೆ ಸಾಮಾನ್ಯವಾಗಿ ಬೇರೆ ಹಣ ಕಟ್ಟಬೇಕು. ಬೇರೆ ಐಪಿ ಕೊಟ್ಟರೆ ಸೈಟ್ ಹೆಚ್ಚು ಸುರಕ್ಷಿತ ಎಂಬ ನಂಬಿಕೆ ಮಾತ್ರ ತಪ್ಪು. ಯಂತ್ರ ಅದೇ, ಯೂಸರ್ (ಸೈಟ್ ಓಡುವ ಲಿನಕ್ಸ್ ಖಾತೆ) ಅದೇ, ಡಿಸ್ಕ್ ಅದೇ.

ಪೋರ್ಟ್ ಬದಲಿಸಿ 8080, 8081 ಎಂದು ಇಡುವುದು ಪರೀಕ್ಷೆಗೆ ಸರಿ, ಸಾರ್ವಜನಿಕ ಸೈಟಿಗಲ್ಲ. ಹಲವು ಕಚೇರಿಗಳ ಫೈರ್‌ವಾಲ್‌ಗಳು 80 (ಎಚ್‌ಟಿಟಿಪಿ) ಮತ್ತು 443 (ಎಚ್‌ಟಿಟಿಪಿಎಸ್) ಬಿಟ್ಟು ಬೇರೆ ಪೋರ್ಟಿಗೆ ಹೋಗಗೊಡುವುದಿಲ್ಲ. ಇನ್ನೊಂದು ಮೋಸ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ: ಕುಕಿಗಳಿಗೆ ಪೋರ್ಟಿನ ಭೇದವಿಲ್ಲ. ಒಂದೇ ಹೆಸರಿನಡಿ 8080ರಲ್ಲೂ 8081ರಲ್ಲೂ ಇರುವ ಎರಡು ಆ್ಯಪ್‌ಗಳು ಒಂದೇ ಹೆಸರಿನ ಸೆಷನ್ ಕುಕಿ ಬಳಸಿದರೆ, ಒಂದಕ್ಕೆ ಲಾಗಿನ್ ಆದ ಕೂಡಲೇ ಇನ್ನೊಂದರಿಂದ ಹೊರಬೀಳುತ್ತೀರಿ.

ಒಂದೇ ಡೊಮೈನ್‌ನ ಕೆಳಗೆ ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಸೈಟ್ ಇಡುವುದು ಎಲ್ಲಕ್ಕಿಂತ ಸುಲಭವಾಗಿ ಕಾಣುತ್ತದೆ. ಆದರೆ ಬ್ರೌಸರ್‌ನ ದೃಷ್ಟಿಯಲ್ಲಿ ಅವೆಲ್ಲ ಒಂದೇ ಮೂಲ. ಬ್ಲಾಗಿನೊಳಗೆ ನುಸುಳಿದ ಸ್ಕ್ರಿಪ್ಟ್ ಪಕ್ಕದ ಫೋಲ್ಡರ್‌ನ ಅಂಗಡಿಯ ಪುಟಗಳನ್ನು ಓದಬಹುದು, ಲೋಕಲ್ ಸ್ಟೋರೇಜ್‌ಗೆ ಕೈಹಾಕಬಹುದು. ಲಾಗಿನ್ ಇರುವ ಎರಡು ಸೈಟುಗಳನ್ನು ಹೀಗೆ ಇಡಬೇಡಿ, ಕನಿಷ್ಠ ಸಬ್‌ಡೊಮೈನ್ ಕೊಡಿ.

## ಎಂಜಿನ್‌ಎಕ್ಸ್, ಅಪಾಚೆ, ಕ್ಯಾಡಿ

ಈ ಮೂರು ವೆಬ್ ಸರ್ವರ್ ತಂತ್ರಾಂಶಗಳೂ ಈ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಸೈಟುಗಳ ನಿಯಮ ಯಾರ ಕೈಯಲ್ಲಿರಬೇಕು ಎಂಬುದನ್ನು ನೋಡಿ ಆರಿಸಿ.

ಪ್ರತಿ ಸೈಟಿನವರೂ ತಮ್ಮ ರೀಡೈರೆಕ್ಟ್, ಪಾಸ್‌ವರ್ಡ್ ರಕ್ಷಣೆಗಳನ್ನು ತಾವೇ ಬದಲಿಸಿಕೊಳ್ಳಬೇಕಾದರೆ ಅಪಾಚೆ ಸರಿ. ಅದರ ಎಚ್‌ಟಿಆ್ಯಕ್ಸೆಸ್ ಫೈಲ್ ಸೈಟಿನ ಫೋಲ್ಡರ್‌ನಲ್ಲೇ ಇರುತ್ತದೆ, ಮುಖ್ಯ ಕಾನ್ಫಿಗ್ ಮುಟ್ಟಬೇಕಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಪ್ರತಿ ವಿನಂತಿಗೂ ಅಪಾಚೆ ಮೇಲಿನ ಫೋಲ್ಡರ್‌ನಿಂದ ಕೆಳಗಿನವರೆಗೆ ಆ ಫೈಲ್ ಇದೆಯೇ ಎಂದು ಹುಡುಕುತ್ತದೆ. ಅಪಾಚೆ 2.4ರಲ್ಲಿ ಹೊಸ ಸೈಟ್ ಹಾಕಿದ ಕೂಡಲೇ 403 (ಪ್ರವೇಶವಿಲ್ಲ ಎಂಬ ದೋಷ) ಬಂದರೆ, ಮೊದಲು ಡೈರೆಕ್ಟರಿ ವಿಭಾಗದಲ್ಲಿ ‘ರಿಕ್ವೈರ್ ಆಲ್ ಗ್ರಾಂಟೆಡ್’ ಸಾಲು ಇದೆಯೇ ನೋಡಿ. ಹಳೆಯ ಲೇಖನಗಳಲ್ಲಿ ಕಾಣುವ ‘ನೇಮ್‌ವರ್ಚುವಲ್‌ಹೋಸ್ಟ್’ ಸಾಲು 2.4ರಲ್ಲಿ ಬೇಕಿಲ್ಲ.

ಎಲ್ಲ ಸೈಟುಗಳ ಉಸ್ತುವಾರಿ ಒಬ್ಬರದೇ ಆಗಿದ್ದರೆ ಎಂಜಿನ್‌ಎಕ್ಸ್ ಆರಿಸುವುದು ಒಳ್ಳೆಯದು. ಇಡೀ ನಿಯಮ ಒಂದೇ ಕಡೆ ಇರುತ್ತದೆ, ಟಿ ಆಯ್ಕೆ ಕೊಟ್ಟು ಓಡಿಸಿದರೆ ತಪ್ಪನ್ನು ಸಾಲು ಸಂಖ್ಯೆಯ ಸಮೇತ ತೋರಿಸುತ್ತದೆ, ಮತ್ತು ವಿನಂತಿಗಳನ್ನು ಹಿಂದಿನ ಆ್ಯಪ್‌ಗಳಿಗೆ ದಾಟಿಸುವ ರಿವರ್ಸ್ ಪ್ರಾಕ್ಸಿಯಾಗಿ ಇದರ ಬಳಕೆ ಸಲೀಸು. ಕ್ಯಾಡಿ ಸರ್ಟಿಫಿಕೇಟನ್ನು ತಾನೇ ತಂದು ತಾನೇ ನವೀಕರಿಸುತ್ತದೆ. ಎರಡು ಮೂರು ಸಣ್ಣ ಸೈಟುಗಳಿದ್ದು, ಕಾನ್ಫಿಗ್ ಕಲಿಯಲು ಪುರುಸೊತ್ತಿಲ್ಲದವರಿಗೆ ಅದೇ ಸಾಕು.

## ಒಂದು ಹೆಸರು ಟೈಪ್ ಮಾಡಿದರೆ ಇನ್ನೊಂದು ಸೈಟ್ ಬಂದಾಗ

ಎಂಜಿನ್‌ಎಕ್ಸ್ ಆಗಲಿ ಅಪಾಚೆಯಾಗಲಿ, ಈ ದೋಷ ಎದುರಾಗದೆ ಇರುವುದಿಲ್ಲ. ಕಾರಣ ಒಂದೇ: ಬಂದ ಹೆಸರಿಗೆ ಹೊಂದುವ ಬ್ಲಾಕ್ (ಕಾನ್ಫಿಗ್‌ನಲ್ಲಿ ಒಂದು ಸೈಟಿನ ನಿಯಮಗಳ ಗುಂಪು) ಸಿಗದಿದ್ದರೆ ಸರ್ವರ್ ಸುಮ್ಮನೆ ಕೂರುವುದಿಲ್ಲ, ಆ ಪೋರ್ಟಿನ ಡೀಫಾಲ್ಟ್ ಸೈಟನ್ನು ಕೊಟ್ಟುಬಿಡುತ್ತದೆ. ನೀವು ಡೀಫಾಲ್ಟ್ ಯಾವುದೆಂದು ಹೇಳದಿದ್ದರೆ ಮೊದಲು ಓದಿದ ಬ್ಲಾಕೇ ಡೀಫಾಲ್ಟ್. ಫೈಲುಗಳನ್ನು ಅಕ್ಷರ ಕ್ರಮದಲ್ಲಿ ಓದುವುದರಿಂದಲೇ ಡೆಬಿಯನ್‌ನಲ್ಲಿ ಅಪಾಚೆಯ ಮೊದಲ ಫೈಲಿನ ಹೆಸರು ಮೂರು ಸೊನ್ನೆಯಿಂದ ಶುರುವಾಗುತ್ತದೆ.

ಬ್ಲಾಗಿಗೆ 80ರ ಬ್ಲಾಕ್ ಮಾತ್ರ ಬರೆದು, ಅಂಗಡಿಗೆ 80 ಮತ್ತು 443 ಎರಡನ್ನೂ ಬರೆದಿದ್ದೀರಿ ಎಂದುಕೊಳ್ಳಿ. ಯಾರೋ ಬ್ಲಾಗನ್ನು ಎಚ್‌ಟಿಟಿಪಿಎಸ್‌ನಲ್ಲಿ ತೆರೆದರೆ ಸರ್ಟಿಫಿಕೇಟ್ ಎಚ್ಚರಿಕೆ ಬರುತ್ತದೆ, ಅದನ್ನು ದಾಟಿದರೆ ಅಂಗಡಿ ಕಾಣುತ್ತದೆ. ಇದನ್ನು ಬೇಗ ಪತ್ತೆ ಮಾಡಬಹುದು. ಇದರದ್ದೇ ಇನ್ನೊಂದು ರೂಪ ಗಂಟೆಗಟ್ಟಲೆ ಸತಾಯಿಸುತ್ತದೆ. ಅಂಗಡಿಯ ಬ್ಲಾಕ್‌ನಲ್ಲಿ ಐಪಿವಿ4 ಮತ್ತು ಅದರ ಮುಂದಿನ ಪೀಳಿಗೆಯ ಐಪಿವಿ6 ಎರಡಕ್ಕೂ ಲಿಸನ್ (ಯಾವ ವಿಳಾಸ, ಪೋರ್ಟಿಗೆ ಕಿವಿಗೊಡಬೇಕು ಎನ್ನುವ) ಸಾಲುಗಳಿವೆ, ಬ್ಲಾಗಿನ ಬ್ಲಾಕ್‌ನಲ್ಲಿ ಐಪಿವಿ4ಕ್ಕೆ ಮಾತ್ರ ಇದೆ, ಹೆಸರನ್ನು ಐಪಿಗೆ ಬದಲಿಸುವ ಡಿಎನ್‌ಎಸ್‌ನಲ್ಲಿ ಎರಡೂ ಸೈಟಿಗೆ ಎಎಎಎ ರೆಕಾರ್ಡ್ (ಐಪಿವಿ6 ವಿಳಾಸ) ಇದೆ. ಐಪಿವಿ4 ಸಂಪರ್ಕದವರಿಗೆ ಬ್ಲಾಗ್ ಸರಿಯಾಗಿ ಕಾಣುತ್ತದೆ, ಐಪಿವಿ6 ಸಂಪರ್ಕದವರಿಗೆ ಅಂಗಡಿ ಕಾಣುತ್ತದೆ. ಮನೆಯ ವೈಫೈಯಲ್ಲಿ ಸರಿ, ಮೊಬೈಲ್‌ನಲ್ಲಿ ತಪ್ಪು ಎಂಬಂಥ ದೂರು ಬಂದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ. ಟರ್ಮಿನಲ್‌ನಿಂದಲೇ ಪುಟ ತರಿಸುವ ಕರ್ಲ್ ಆದೇಶವನ್ನು ಒಮ್ಮೆ 4 ಎಂಬ ಆಯ್ಕೆಯೊಂದಿಗೆ, ಇನ್ನೊಮ್ಮೆ 6 ಎಂಬ ಆಯ್ಕೆಯೊಂದಿಗೆ ಓಡಿಸಿ. ಎರಡು ಉತ್ತರ ಬೇರೆ ಬೇರೆ ಬಂದರೆ ಬ್ಲಾಗಿನ ಬ್ಲಾಕ್‌ಗೆ ಐಪಿವಿ6ರ ಲಿಸನ್ ಸಾಲು ಸೇರಿಸಿ ರೀಲೋಡ್ ಮಾಡಿ. ಅಪಾಚೆಯಲ್ಲಾದರೆ ಅಪಾಚೆಸಿಟಿಎಲ್ ಆದೇಶಕ್ಕೆ ದೊಡ್ಡ ಎಸ್ ಆಯ್ಕೆ ಕೊಡಿ. ಯಾವ ವಿಳಾಸ, ಯಾವ ಪೋರ್ಟ್, ಯಾವ ಹೆಸರಿಗೆ ಯಾವ ಫೈಲಿನ ಎಷ್ಟನೇ ಸಾಲು ಉತ್ತರ ಕೊಡುತ್ತದೆ ಎಂಬ ಪಟ್ಟಿ ಸಿಗುತ್ತದೆ.

ಶಾಶ್ವತ ಪರಿಹಾರವೆಂದರೆ ಯಾವ ಸೈಟೂ ಅಲ್ಲದ ಒಂದು ಡೀಫಾಲ್ಟ್ ಬ್ಲಾಕ್ ಇಡುವುದು. ಎಂಜಿನ್‌ಎಕ್ಸ್‌ನಲ್ಲಿ 80ರ ಡೀಫಾಲ್ಟ್ ಬ್ಲಾಕ್ 444 ಹಿಂದಿರುಗಿಸಲಿ, ಅಂದರೆ ಉತ್ತರವನ್ನೇ ಕೊಡದೆ ಸಂಪರ್ಕ ಮುಚ್ಚಲಿ. 443ಕ್ಕೆ ‘ಎಸ್‌ಎಸ್‌ಎಲ್ ರಿಜೆಕ್ಟ್ ಹ್ಯಾಂಡ್‌ಶೇಕ್’ ಎಂಬ ನಿರ್ದೇಶನ 1.19.4ನೇ ಆವೃತ್ತಿಯಿಂದ ಇದೆ, ಅದಕ್ಕೆ ಸರ್ಟಿಫಿಕೇಟ್ ಕೂಡ ಬೇಕಿಲ್ಲ. ಆಮೇಲೆ ತಪ್ಪಿದ ಹೆಸರು ತಪ್ಪು ಸೈಟನ್ನು ತೋರಿಸುವ ಬದಲು ನೇರವಾಗಿ ವಿಫಲವಾಗುತ್ತದೆ, ದೋಷ ಆ ದಿನವೇ ಗೊತ್ತಾಗುತ್ತದೆ.

## ಗೋಡೆ ಎಷ್ಟು ದಪ್ಪ

ತೀರಾ ತೆಳು ಗೋಡೆಯೆಂದರೆ ಎಲ್ಲ ಸೈಟುಗಳೂ ವೆಬ್ ಸರ್ವರ್‌ನದೇ ಯೂಸರ್ ಹೆಸರಿನಲ್ಲಿ ಓಡುವುದು. ಬರೀ ಎಚ್‌ಟಿಎಂಎಲ್ ಮತ್ತು ಚಿತ್ರಗಳ ಸೈಟಾದರೆ ತೊಂದರೆಯಿಲ್ಲ, ಇಪ್ಪತ್ತು ಸೈಟ್ ಇದ್ದರೂ ಹೀಗೆ ಇಡಬಹುದು. ಪಿಎಚ್‌ಪಿ ಓಡಿಸುವ ಸೈಟಿಗೆ ಇದನ್ನು ಒಪ್ಪಲಾಗದು. ಒಂದು ಸೈಟಿನ ಹಳೆಯ ಪ್ಲಗಿನ್‌ನಿಂದ ಒಳನುಗ್ಗಿದವನ ಕೋಡ್ ಅದೇ ಯೂಸರ್ ಆಗಿ ಓಡುತ್ತದೆ, ಪಕ್ಕದ ಎಲ್ಲ ಸೈಟುಗಳ ಕಾನ್ಫಿಗ್ ಫೈಲ್ ಓದುತ್ತದೆ, ಡೇಟಾಬೇಸ್ ಪಾಸ್‌ವರ್ಡ್ ಎತ್ತಿಕೊಳ್ಳುತ್ತದೆ, ಎಲ್ಲ ಫೋಲ್ಡರ್‌ಗಳಲ್ಲೂ ತನ್ನ ಫೈಲ್ ಬಿತ್ತುತ್ತದೆ. ಒಂದು ಸೈಟನ್ನು ತೊಳೆದಿಟ್ಟರೆ ಮರುದಿನ ಪಕ್ಕದ ಸೈಟಿನಿಂದ ಮತ್ತೆ ಸೋಂಕು ತಗಲುತ್ತದೆ.

ಹೆಚ್ಚಿನವರಿಗೆ ನಾವು ಹೇಳುವುದು ಇದರ ಮುಂದಿನ ಹಂತ: ಸೈಟಿಗೊಬ್ಬ ಯೂಸರ್, ಸೈಟಿಗೊಂದು ಪಿಎಚ್‌ಪಿ-ಎಫ್‌ಪಿಎಂ ಪೂಲ್ (ಆ ಸೈಟಿನ ಪಿಎಚ್‌ಪಿ ಓಡಿಸುವ ಪ್ರೊಸೆಸ್‌ಗಳ ಗುಂಪು), ಸೈಟಿಗೊಂದು ಡೇಟಾಬೇಸ್ ಮತ್ತು ಅದನ್ನಷ್ಟೇ ಮುಟ್ಟಬಲ್ಲ ಡೇಟಾಬೇಸ್ ಯೂಸರ್. ಖರ್ಚು ಹೆಚ್ಚಿಲ್ಲ, ರಕ್ಷಣೆ ಬಹಳ. ಸೈಟಿನ ಫೋಲ್ಡರ್‌ಗೆ 750, ಫೈಲುಗಳಿಗೆ 640 ಅನುಮತಿ ಕೊಡಿ, ಅಂದರೆ ಒಡೆಯನಿಗೆ ಓದಿ ಬರೆಯುವ ಹಕ್ಕು, ಗುಂಪಿಗೆ ಓದುವ ಹಕ್ಕು, ಉಳಿದವರಿಗೆ ಏನೂ ಇಲ್ಲ. ಅವುಗಳ ಒಡೆಯ ಆ ಸೈಟಿನ ಯೂಸರ್ ಆಗಿರಲಿ, ಗುಂಪು ವೆಬ್ ಸರ್ವರ್‌ನದಾಗಿರಲಿ. ಮೇಲಿನ ಯಾವುದಾದರೂ ಒಂದು ಫೋಲ್ಡರ್‌ಗೆ ಪ್ರವೇಶದ ಅನುಮತಿ ತಪ್ಪಿದರೂ 403 ಬರುತ್ತದೆ. ನೇಮ್‌ಐ ಆದೇಶಕ್ಕೆ ಎಲ್ ಆಯ್ಕೆ ಕೊಟ್ಟರೆ ದಾರಿಯ ಪ್ರತಿ ಮೆಟ್ಟಿಲಿನ ಅನುಮತಿಯೂ ಒಟ್ಟಿಗೆ ಕಾಣುತ್ತದೆ. ಪೂಲ್ ಫೈಲಿನಲ್ಲಿ ಯೂಸರ್, ಗುಂಪು, ಸಾಕೆಟ್‌ನ (ವೆಬ್ ಸರ್ವರ್ ಪಿಎಚ್‌ಪಿಯೊಂದಿಗೆ ಮಾತಾಡುವ ಫೈಲ್) ದಾರಿ ಬರೆದು, ಸಾಕೆಟ್‌ನ ಒಡೆತನವನ್ನು ವೆಬ್ ಸರ್ವರ್‌ಗೆ 0660 ಅನುಮತಿಯೊಂದಿಗೆ ಕೊಡಿ. ಈ ಒಡೆತನ ಬರೆಯಲು ಮರೆತರೆ ಪಿಎಚ್‌ಪಿ ಓಡುತ್ತಲೇ ಇರುತ್ತದೆ, ಪುಟದಲ್ಲಿ ಮಾತ್ರ 502, ಅಂದರೆ ಹಿಂದಿನಿಂದ ಉತ್ತರ ಸಿಗಲಿಲ್ಲ ಎಂಬ ದೋಷ.

ಪೂಲ್‌ಗೆ ಎಷ್ಟು ಪ್ರೊಸೆಸ್ ಕೊಡಬೇಕು ಎಂಬುದನ್ನು ಅಂದಾಜಿನಲ್ಲಿ ಬಿಡದೆ ಲೆಕ್ಕ ಹಾಕಿ. 4 ಜಿಬಿ ಮೆಮೊರಿಯ ಯಂತ್ರ, ಐದು ಸೈಟ್ ಎನ್ನಿ. ಆಪರೇಟಿಂಗ್ ಸಿಸ್ಟಮ್ ಮತ್ತು ವೆಬ್ ಸರ್ವರ್‌ಗೆ 500 ಎಂಬಿ, ಡೇಟಾಬೇಸ್‌ಗೆ 1 ಜಿಬಿ, ತುರ್ತಿಗೆ 500 ಎಂಬಿ ಬದಿಗಿಟ್ಟರೆ ಪಿಎಚ್‌ಪಿಗೆ ಉಳಿಯುವುದು ಸುಮಾರು 2 ಜಿಬಿ. ನಿಮ್ಮ ಸೈಟಿನ ಒಂದು ಪ್ರೊಸೆಸ್ 60 ಎಂಬಿ ತಿನ್ನುತ್ತಿದ್ದರೆ ಒಟ್ಟು 33 ಪ್ರೊಸೆಸ್ ಹಿಡಿಸುತ್ತದೆ. ಬಿಡುವಿಲ್ಲದ ಸೈಟಿಗೆ 12, ಉಳಿದ ನಾಲ್ಕಕ್ಕೆ ತಲಾ 5 ಕೊಟ್ಟರೆ 32. ಹೀಗೆ ಮಿತಿ ಹಾಕಿದ ಮೇಲೆ ಒಂದು ಸೈಟಿಗೆ ಎಷ್ಟೇ ಜನ ಬಂದರೂ ಅದರ ಸರತಿ ಅದರಲ್ಲೇ ಬೆಳೆಯುತ್ತದೆ, ಉಳಿದವು ಓಡುತ್ತಿರುತ್ತವೆ. ಎಲ್ಲ ಪೂಲ್‌ಗೂ 50 ಬರೆದಿಟ್ಟರೆ ಮೆಮೊರಿ ಮುಗಿದ ದಿನ ಲಿನಕ್ಸ್ ಯಾವುದಾದರೊಂದು ದೊಡ್ಡ ಪ್ರೊಸೆಸ್ಸನ್ನು ಕೊಲ್ಲುತ್ತದೆ. ಆ ದೊಡ್ಡದು ಸಾಮಾನ್ಯವಾಗಿ ಡೇಟಾಬೇಸೇ ಆಗಿರುವುದರಿಂದ ಐದೂ ಸೈಟ್ ಒಟ್ಟಿಗೆ ಬೀಳುತ್ತವೆ. ಅಪರೂಪಕ್ಕೆ ಜನ ಬರುವ ಸೈಟುಗಳ ಪೂಲ್ ‘ಆನ್‌ಡಿಮ್ಯಾಂಡ್’ ಆಗಿರಲಿ, ಕೆಲಸವಿಲ್ಲದ ಪ್ರೊಸೆಸ್ 10 ಸೆಕೆಂಡಿಗೆ ತಾನೇ ಹೋಗುತ್ತದೆ. ಲಾಗ್‌ನಲ್ಲಿ ಪೂಲ್ ತನ್ನ ‘ಮ್ಯಾಕ್ಸ್ ಚಿಲ್ಡ್ರನ್’ ಮಿತಿ ಮುಟ್ಟಿದೆ ಎಂಬ ಸಾಲು ಕಂಡರೆ, ಅಂಕಿ ಏರಿಸುವ ಮೊದಲು ನಿಧಾನವಾಗಿರುವ ಪುಟ ಯಾವುದೆಂದು ಹುಡುಕಿ.

ಇಲ್ಲೊಂದು ಬಿರುಕು ಉಳಿಯುತ್ತದೆ. ಒಂದೇ ಎಫ್‌ಪಿಎಂ ಅಡಿಯ ಎಲ್ಲ ಪೂಲ್‌ಗಳೂ ಆಪ್‌ಕ್ಯಾಶ್ (ಸಂಕಲಿಸಿದ ಪಿಎಚ್‌ಪಿ ಕೋಡ್ ಇಡುವ) ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಅದರ ‘ವ್ಯಾಲಿಡೇಟ್ ಪರ್ಮಿಷನ್’ ಆಯ್ಕೆ ಮೊದಲಿಗೆ ಆರಿರುತ್ತದೆ; ಬೇರೆಯವರ ಸೈಟುಗಳನ್ನು ಇಟ್ಟುಕೊಂಡಿದ್ದರೆ ಅದನ್ನು ಹೊತ್ತಿಸಿ. ಡೀಫಾಲ್ಟ್ ಗಾತ್ರ 128 ಎಂಬಿ, ಐದಾರು ವರ್ಡ್‌ಪ್ರೆಸ್ ಸೈಟುಗಳಿಗೆ ಅದು ಸಾಲದೆ ಹೋಗಬಹುದು. ಡೇಟಾಬೇಸ್ ಸಂಪರ್ಕಗಳೂ ಹಂಚಿಕೆಯವೇ: ಮೈಎಸ್‌ಕ್ಯೂಎಲ್‌ನ ಡೀಫಾಲ್ಟ್ ಮಿತಿ 151, ಅದು ಎಲ್ಲ ಸೈಟುಗಳಿಗೂ ಸೇರಿ.

ಸೈಟುಗಳು ಬೇರೆ ಬೇರೆ ಭಾಷೆಗಳಲ್ಲಿದ್ದರೆ, ಒಂದಕ್ಕೆ ನೋಡ್ ಇನ್ನೊಂದಕ್ಕೆ ಪೈಥಾನ್, ಜೊತೆಗೆ ಹಳೆಯ ಲೈಬ್ರರಿಗಳು ಎಂದಿದ್ದರೆ, ಕಂಟೇನರ್ (ಆ್ಯಪನ್ನು ಅದರ ಲೈಬ್ರರಿಗಳ ಸಮೇತ ಪ್ರತ್ಯೇಕವಾಗಿಡುವ ಪೆಟ್ಟಿಗೆ) ಹಿಡಿಯಿರಿ. ಮುಂದೆ ಒಂದು ಎಂಜಿನ್‌ಎಕ್ಸ್ ಅಥವಾ ಕ್ಯಾಡಿ, ಹಿಂದೆ ಸೈಟಿಗೊಂದು ಕಂಟೇನರ್. ಬರೀ ಪಿಎಚ್‌ಪಿಯ ಎರಡು ಆವೃತ್ತಿ ಬೇಕೆಂದಷ್ಟೇ ಆದರೆ ಕಂಟೇನರ್ ಅಗತ್ಯವಿಲ್ಲ, ಎರಡು ಎಫ್‌ಪಿಎಂ ಆವೃತ್ತಿಗಳು ಪಕ್ಕಪಕ್ಕದಲ್ಲೇ ಓಡುತ್ತವೆ. ಕಂಟೇನರ್‌ನಲ್ಲಿ ಎಡವುವ ಜಾಗಗಳು ಬೇರೆ ಥರದವು. ಕಂಟೇನರ್ ಓಡಿಸುವ ಡಾಕರ್ ಐಪಿಟೇಬಲ್ಸ್ (ಲಿನಕ್ಸ್ ಫೈರ್‌ವಾಲ್) ನಿಯಮಗಳನ್ನು ತಾನೇ ಬರೆದುಕೊಳ್ಳುವುದರಿಂದ ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಸಾಧನದಲ್ಲಿ ಮುಚ್ಚಿದ ಪೋರ್ಟ್ ಕೂಡ ಹೊರಗಿನವರಿಗೆ ತೆರೆದಿರುತ್ತದೆ. ಪೋರ್ಟನ್ನು ಯಾವಾಗಲೂ 127.0.0.1ಕ್ಕೆ (ಯಂತ್ರದ ಒಳಗಿನವರಿಗೆ ಮಾತ್ರ ಸಿಗುವ ವಿಳಾಸ) ಕಟ್ಟಿ ತೆರೆಯಿರಿ. ಪ್ರಾಕ್ಸಿಯು ‘ಎಕ್ಸ್-ಫಾರ್ವರ್ಡೆಡ್-ಪ್ರೊಟೊ’ ಹೆಡರ್ ಕಳಿಸದಿದ್ದರೆ ಒಳಗಿನ ಆ್ಯಪ್‌ಗೆ ಸಂಪರ್ಕ ಸುರಕ್ಷಿತ ಎಂದು ಗೊತ್ತಾಗದೆ, ಎಚ್‌ಟಿಟಿಪಿಎಸ್‌ಗೆ ರೀಡೈರೆಕ್ಟ್ ಮಾಡುತ್ತಲೇ ಇರುತ್ತದೆ, ಬ್ರೌಸರ್ ಸುತ್ತಿ ಸುತ್ತಿ ಕೈಚೆಲ್ಲುತ್ತದೆ. ಎಂಜಿನ್‌ಎಕ್ಸ್ ಹಿಂದಿನ ಸರ್ವರ್‌ನ ಹೆಸರನ್ನು ಶುರುವಿನಲ್ಲೊಮ್ಮೆ ಮಾತ್ರ ಐಪಿಗೆ ಬದಲಿಸಿಕೊಳ್ಳುತ್ತದೆ. ಹೆಸರಿನಿಂದ ಕರೆದ ಕಂಟೇನರ್ ಮರುಹುಟ್ಟಿ ಐಪಿ ಬದಲಾದರೆ 502, ಎಂಜಿನ್‌ಎಕ್ಸ್ ರೀಲೋಡ್ ಮಾಡಿದ ಮೇಲೆ ಸರಿ. ಪ್ರತಿ ಕಂಟೇನರ್‌ಗೂ ಮೆಮೊರಿ ಮಿತಿ ಹಾಕಿ, ಇಲ್ಲದಿದ್ದರೆ ಈ ಗೋಡೆಗೆ ಅರ್ಧ ಅರ್ಥವಷ್ಟೇ.

ಹಣದ ವ್ಯವಹಾರ ಇರುವ ಸೈಟ್, ಜನರ ಆರೋಗ್ಯದ ಅಥವಾ ಖಾಸಗಿ ವಿವರ ಇಟ್ಟುಕೊಳ್ಳುವ ಸೈಟ್, ಇವಕ್ಕೆ ಬೇರೆ ಸರ್ವರೇ ಬೇಕು. ಕಂಟೇನರ್‌ಗಳೆಲ್ಲ ಒಂದೇ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಮೇಲೆ ನಿಂತಿವೆ ಎಂಬುದನ್ನು ಮರೆಯಬೇಡಿ. ಮೇಲ್ ಕಳಿಸುವ ಸೈಟಿಗೂ ಒಂದು ಎಚ್ಚರಿಕೆ: ಒಂದೇ ಐಪಿಯಿಂದ ಮೇಲ್ ಹೋಗುತ್ತಿದ್ದರೆ, ಒಂದು ಸೈಟ್ ಹ್ಯಾಕ್ ಆಗಿ ಸ್ಪ್ಯಾಮ್ ಕಳಿಸಿದಾಗ ಎಲ್ಲ ಸೈಟುಗಳ ಇಮೇಲೂ ತಿರಸ್ಕೃತವಾಗುತ್ತದೆ.

ಗೋಡೆಯೇ ಬೇಡ ಎನ್ನುವವರಿಗೆ ವರ್ಡ್‌ಪ್ರೆಸ್ ಮಲ್ಟಿಸೈಟ್ ಇದೆ, 2010ರ 3.0 ಆವೃತ್ತಿಯಿಂದ ಮೂಲದಲ್ಲೇ ಸೇರಿದೆ. ಒಂದೇ ಕೋಡ್, ಒಂದೇ ಡೇಟಾಬೇಸ್, ಒಂದೇ ಬಳಕೆದಾರರ ಟೇಬಲ್. ಸೈಟುಗಳ ಬರಹ ಮಾತ್ರ ಸಂಖ್ಯೆ ಹಾಕಿದ ಬೇರೆ ಟೇಬಲ್‌ಗಳಲ್ಲಿ. ಒಂದೇ ಸಂಸ್ಥೆಯ ಹತ್ತು ಶಾಖೆಗಳಿಗೆ ಇದು ಬಹಳ ಅನುಕೂಲ, ಅಪ್‌ಡೇಟ್ ಒಮ್ಮೆ ಮಾಡಿದರೆ ಸಾಕು. ಸಂಬಂಧವಿಲ್ಲದ ಗ್ರಾಹಕರ ಸೈಟುಗಳನ್ನು ಇದರಲ್ಲಿ ಸೇರಿಸಬೇಡಿ. ಒಬ್ಬರು ಬಿಟ್ಟು ಹೋಗುತ್ತೇನೆ ಎಂದ ದಿನ ಅವರ ಟೇಬಲ್, ಅವರ ಬಳಕೆದಾರರು, ಅವರ ಅಪ್‌ಲೋಡ್‌ಗಳನ್ನು ಕೈಯಾರೆ ಬಿಡಿಸಿ ತೆಗೆಯಬೇಕಾಗುತ್ತದೆ.

## ಸರ್ಟಿಫಿಕೇಟ್: ಎಲ್ಲಕ್ಕೂ ಒಂದೋ, ಸೈಟಿಗೊಂದೋ

ಸೈಟಿಗೊಂದು. ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಒಂದು ಸರ್ಟಿಫಿಕೇಟ್‌ನಲ್ಲಿ ನೂರು ಹೆಸರುಗಳವರೆಗೆ ತುಂಬಬಹುದು ನಿಜ. ಆದರೆ ಅವುಗಳಲ್ಲಿ ಒಂದು ಡೊಮೈನ್ ಬೇರೆ ಕಡೆ ಹೋದರೂ ಅದರ ಪರಿಶೀಲನೆ ವಿಫಲವಾಗಿ ಎಲ್ಲರ ನವೀಕರಣವೂ ನಿಲ್ಲುತ್ತದೆ. ಸರ್ಟಿಫಿಕೇಟ್ ತೆರೆದು ನೋಡಿದವರಿಗೆ ಸರ್ವರ್‌ನ ಎಲ್ಲ ಸೈಟುಗಳ ಪಟ್ಟಿಯೂ ಸಿಗುತ್ತದೆ. ಒಂದೇ ಡೊಮೈನ್‌ನ ಹಲವು ಸಬ್‌ಡೊಮೈನ್‌ಗಳಿಗೆ ಎಲ್ಲಕ್ಕೂ ಸಲ್ಲುವ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಒಳ್ಳೆಯದು, ಅದಕ್ಕೆ ಡಿಎನ್‌ಎಸ್ ಮೂಲಕವೇ ಪರಿಶೀಲನೆ ಆಗಬೇಕು, ಮತ್ತು ಅದು ಒಂದು ಮೆಟ್ಟಿಲಿಗೆ ಮಾತ್ರ ಅನ್ವಯ: ಸಬ್‌ಡೊಮೈನ್‌ನ ಸಬ್‌ಡೊಮೈನ್‌ಗೂ ಬರುವುದಿಲ್ಲ, ಬರಿಯ ಮೂಲ ಡೊಮೈನ್‌ಗೂ ಬರುವುದಿಲ್ಲ. ಪ್ರಯೋಗ ಮಾಡುವಾಗ ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ಟೇಜಿಂಗ್ (ಪರೀಕ್ಷಾ) ಸೇವೆ ಬಳಸಿ. ನಿಜವಾದ ಸೇವೆಯಲ್ಲಿ ಒಂದು ಹೆಸರಿಗೆ ಗಂಟೆಗೆ ಐದು ವಿಫಲ ಪ್ರಯತ್ನ ಆದರೆ ಕಾಯಬೇಕಾಗುತ್ತದೆ. ನವೀಕರಣವಾದ ಮೇಲೆ ವೆಬ್ ಸರ್ವರ್ ರೀಲೋಡ್ ಆಗುವಂತೆ ಹುಕ್ (ತಾನಾಗಿ ಓಡುವ ಆದೇಶ) ಹಾಕಿಡಿ. ಡಿಸ್ಕಿನಲ್ಲಿ ಹೊಸ ಸರ್ಟಿಫಿಕೇಟ್ ಇದ್ದೂ ಮೆಮೊರಿಯಲ್ಲಿ ಹಳೆಯದೇ ಉಳಿದು ಅದರ ಅವಧಿ ಮೀರುವುದು ನಡೆಯುತ್ತಲೇ ಇರುತ್ತದೆ.

## ಹೊಸ ಸೈಟ್ ಸೇರಿಸುವ ಕ್ರಮ

ಸೈಟ್ ಈಗ ಬೇರೆ ಕಡೆ ಓಡುತ್ತಿದ್ದರೆ, ಒಂದು ದಿನ ಮೊದಲೇ ಡಿಎನ್‌ಎಸ್‌ನ ಟಿಟಿಎಲ್ (ಹಳೆಯ ವಿಳಾಸವನ್ನು ಇತರರು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ. ಯೂಸರ್, ಫೋಲ್ಡರ್, ಪೂಲ್, ಡೇಟಾಬೇಸ್ ಸಿದ್ಧ ಮಾಡಿ, ಕಾನ್ಫಿಗ್ ಬರೆದು ಪರೀಕ್ಷಿಸಿ, ಆಮೇಲೆ ರೀಲೋಡ್ ಮಾಡಿ. ರೀಸ್ಟಾರ್ಟ್ ಬೇಡ: ಕಾನ್ಫಿಗ್‌ನಲ್ಲಿ ತಪ್ಪಿದ್ದರೆ ರೀಲೋಡ್ ಹಳೆಯದನ್ನೇ ಮುಂದುವರಿಸುತ್ತದೆ, ರೀಸ್ಟಾರ್ಟ್ ಎಲ್ಲ ಸೈಟುಗಳನ್ನೂ ಕೆಡವಬಹುದು. ಡಿಎನ್‌ಎಸ್ ಬದಲಿಸುವ ಮೊದಲೇ ಕರ್ಲ್‌ನ ‘ರಿಸಾಲ್ವ್’ ಆಯ್ಕೆಗೆ ಹೆಸರು, ಪೋರ್ಟ್, ಹೊಸ ಐಪಿ ಕೊಟ್ಟು ಪುಟ ಬರುತ್ತದೆಯೇ ನೋಡಿ. 80ನೇ ಪೋರ್ಟಿನ ಪರಿಶೀಲನೆಯಿಂದ ಸರ್ಟಿಫಿಕೇಟ್ ಪಡೆಯಲು ಡಿಎನ್‌ಎಸ್ ಆಗಲೇ ಇತ್ತ ತಿರುಗಿರಬೇಕು. ಹಾಗಾಗಿ ನಡುವೆ ಎಚ್ಚರಿಕೆ ಪುಟ ಬರಬಾರದು ಎಂದಿದ್ದರೆ ಹಳೆಯ ಸರ್ವರ್‌ನ ಸರ್ಟಿಫಿಕೇಟನ್ನು ಕೀಲಿಯ ಸಮೇತ ತಂದಿಟ್ಟುಕೊಳ್ಳಿ, ಇಲ್ಲವೇ ಡಿಎನ್‌ಎಸ್ ಪರಿಶೀಲನೆಯಿಂದ ಮುಂಚೆಯೇ ಪಡೆಯಿರಿ.

ಸೈಟಿಗೊಂದು ಲಾಗ್ ಫೈಲ್ ಇರಲಿ, ಲಾಗ್‌ರೊಟೇಟ್ ಅದನ್ನು ಕತ್ತರಿಸುತ್ತಿರಲಿ. ಒಂದು ಸೈಟಿನ ಲಾಗ್ ಡಿಸ್ಕ್ ತುಂಬಿಸಿದರೆ ಡೇಟಾಬೇಸ್ ಬರೆಯುವುದನ್ನು ನಿಲ್ಲಿಸುತ್ತದೆ, ಅಲ್ಲಿಗೆ ಎಷ್ಟು ಗೋಡೆ ಕಟ್ಟಿದ್ದರೂ ಎಲ್ಲ ಸೈಟುಗಳೂ ಒಟ್ಟಿಗೆ ನಿಲ್ಲುತ್ತವೆ. ಡಾಕರ್‌ನ ಲಾಗ್‌ಗೆ ಮೊದಲಿಗೆ ಗಾತ್ರದ ಮಿತಿಯೇ ಇರುವುದಿಲ್ಲ, ‘ಮ್ಯಾಕ್ಸ್-ಸೈಜ್’ ಬರೆದೇ ಶುರು ಮಾಡಿ. ಡಿಎಫ್ ಆದೇಶ ಡಿಸ್ಕ್ ಭರ್ತಿ ಎನ್ನುತ್ತದೆ, ಡಿಯು ಆದೇಶ ಲೆಕ್ಕ ಹಾಕಿದರೆ ಅರ್ಧವೂ ಆಗುವುದಿಲ್ಲ ಎಂಬ ಸ್ಥಿತಿ ಕಂಡರೆ, ಅಳಿಸಿದ ಲಾಗ್ ಫೈಲನ್ನು ಎಂಜಿನ್‌ಎಕ್ಸ್ ಇನ್ನೂ ತೆರೆದಿಟ್ಟುಕೊಂಡು ಬರೆಯುತ್ತಿರುವ ಸಾಧ್ಯತೆ ಹೆಚ್ಚು. ಲಾಗ್ ಮರುತೆರೆಯುವ ಸಂಕೇತ ಕೊಟ್ಟ ಕ್ಷಣವೇ ಜಾಗ ವಾಪಸ್ ಬರುತ್ತದೆ.